ಬೂತಾಯಿ ತಿನ್ನುತ್ತದಾ, ಮೇಯುತ್ತದಾ, ಸೋಸುತ್ತದಾ?

ಎಲ್ಲರಿಗೂ ನಮಸ್ಕಾರ.

ನಮ್ಮ ಕರಾವಳಿಯ ಮೀನುಗಳು ಏನು ತಿಂದು ಬದುಕುತ್ತವೆ ಎಂದು ಹೈಸ್ಕೂಲ್ ಮಕ್ಕಳಿಗೆ ಒಂದು ಬರಹ ಬರೆಯುತ್ತಿದ್ದೇನೆ. ಎರಡು ಕಡೆ ಸರಿಯಾದ ಪದ ಸಿಗದೆ ಬರಹ ನಿಂತಿದೆ.

ಮೊದಲನೆಯದು ಕ್ರಿಯಾಪದ. ಅಂಜಲ್, ಅಂದರೆ ಕಾರವಾರದವರ ಇಸ್ವಾಣ, ಬೂತಾಯಿಯಂಥ ಸಣ್ಣ ಮೀನುಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ಅದಕ್ಕೆ ‘ಬೇಟೆ’ ಸಾಕು. ನಂಗು, ಕಾಣೆ ಮೀನುಗಳು ತಳದ ಮರಳು, ಕೆಸರಿನಲ್ಲಿ ಹುಳು ಹುಡುಕುತ್ತವೆ. ಅವು ‘ಮೇಯುತ್ತವೆ’ ಅಂದರೂ ನಡೆದೀತು. ಕೋಳಿಗೂ ಹಾಗೇ ಅನ್ನುತ್ತೇವೆ, ಅಲ್ವಾ?

ತೊಡಕಿರುವುದು ಬೂತಾಯಿ, ಬಂಗುಡೆಗಳಲ್ಲಿ. ಇವು ಬಾಯಿ ತೆರೆದುಕೊಂಡು ಈಜುತ್ತವೆ. ನೀರು ಕಿವಿರಿನಿಂದ ಆಚೆ ಹೋಗುತ್ತದೆ. ಅದರಲ್ಲಿದ್ದ ಡಯಾಟಂ (ಒಂದೇ ಕೋಶದ ಪಾಚಿ), ಕೋಪೆಪಾಡ್ (ಸಿಗಡಿಯ ದೂರದ ನೆಂಟ) ಥರದ ಪುಟ್ಟ ಜೀವಿಗಳು ಒಳಗೆ ಉಳಿಯುತ್ತವೆ. ಬೂತಾಯಿಗೆ ಡಯಾಟಂ ಜಾಸ್ತಿ ಇಷ್ಟ, ಅದರಲ್ಲೂ ಫ್ರಾಜಿಲೇರಿಯಾ ಓಷಿಯಾನಿಕಾ. ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಈ ದಡದಲ್ಲಿ ಕೆಳಗಿನ ತಣ್ಣೀರು ಮೇಲೆದ್ದು ಬರುತ್ತದೆ. ಜೊತೆಗೆ ಗೊಬ್ಬರದಂಥ ನೈಟ್ರೇಟ್, ಫಾಸ್ಫೇಟ್ ತರುತ್ತದೆ. ಡಯಾಟಂ ಹುಲುಸಾಗಿ ಬೆಳೆಯುತ್ತವೆ. ಮಳೆ ಮುಗಿದ ಮೇಲೆ ಸಿಗುವ ಬೂತಾಯಿ ಎಣ್ಣೆ ಬಿಡುವುದು ಈ ಊಟದಿಂದಲೇ.

ಇದಕ್ಕೆ ‘ಮೇಯು’ ಅಂದರೆ ಕಚ್ಚಿ ತಿನ್ನುವ ಚಿತ್ರ ಬರುತ್ತದೆ. ‘ಶೋಧಕ ಭಕ್ಷಕ’ ಎಂದು ಬರೆದರೆ ಮಕ್ಕಳು ಪುಟ ತಿರುಗಿಸುತ್ತಾರೆ. ನನಗೆ ಹಿಡಿಸಿದ್ದು ‘ಸೋಸಿ ತಿನ್ನು’. ನಾಮಪದ ಬೇಕಾದಾಗ ‘ಸೋಸುಣಿ’ ಅಂದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ?

ಎರಡನೆಯದು ಇನ್ನೂ ಕಷ್ಟ. ಕಿವಿರಿನ ಕೆಂಪು ಎಳೆಗಳು ಉಸಿರಾಟಕ್ಕೆ. ನಾನು ಕೇಳುತ್ತಿರುವುದು ಅವುಗಳ ಬಗ್ಗೆ ಅಲ್ಲ. ಆ ಎಳೆಗಳು ಅಂಟಿಕೊಂಡಿರುವ ಎಲುಬಿನ ಕಮಾನಿನ ಒಳಬದಿಯಲ್ಲಿ, ಬಾಯಿಯ ಕಡೆಗೆ, ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಕಡ್ಡಿಗಳಿರುತ್ತವೆ. ಇಂಗ್ಲಿಷಿನವರು ಗಿಲ್ ರೇಕರ್ ಎನ್ನುತ್ತಾರೆ. ಬಂಗುಡೆಯ ಬಾಯಿ ಅಗಲಿಸಿದರೆ ಕಣ್ಣಿಗೇ ಕಾಣುತ್ತವೆ. ಬೂತಾಯಿಯಲ್ಲಿ ಒಂದು ಕಮಾನಿನ ಕೆಳಭಾಗದಲ್ಲೇ 150ಕ್ಕೂ ಜಾಸ್ತಿ, ಒತ್ತೊತ್ತಾಗಿ. ಅಂಜಲ್‌ನಲ್ಲಿ ಬೆರಳೆಣಿಕೆಯಷ್ಟು. ಇಡೀ ಮೀನನ್ನೇ ನುಂಗುವುದಕ್ಕೆ ಸೋಸುವ ಕೆಲಸ ಎಲ್ಲಿದೆ? ಮೀನಿನ ಊಟ ಎಂಥದ್ದು ಎಂದು ತಿಳಿಯಲು ಮಕ್ಕಳು ಮೊದಲು ನೋಡಬೇಕಾದ್ದು ಇದನ್ನೇ. ಅದಕ್ಕೆ ಹೆಸರಿಲ್ಲದೆ ಹೇಗೆ ತೋರಿಸುವುದು?

ದಿನಾ ಮೀನು ಕೊಯ್ಯುವವರ ಬಾಯಲ್ಲಿ ಇದಕ್ಕೊಂದು ಪದ ಇದ್ದೇ ಇರುತ್ತದೆ ಎಂದು ನನ್ನ ನಂಬಿಕೆ. ಕುಂದಾಪುರ, ಭಟ್ಕಳ, ಅಂಕೋಲೆ ಕಡೆಯವರು ಮನೆಯಲ್ಲಿ, ಮೀನು ಮಾರುಕಟ್ಟೆಯಲ್ಲಿ ಸ್ವಲ್ಪ ಕೇಳಿ ನೋಡುತ್ತೀರಾ? ತುಳು, ಕೊಂಕಣಿ ಪದವಾದರೂ ಸರಿ. ಯಾವ ಊರಿನದು ಎಂದೂ ಬರೆಯಿರಿ. ಏನೂ ಸಿಗದಿದ್ದರೆ ‘ಕಿವಿರುಗಡ್ಡಿ’ ಎಂದು ಬರೆಯಬಹುದೇ?