ಹಳೆಯ ಚಿಕ್ಕ ಡೆಸ್ಕ್‌ಟಾಪ್: ಹೊಸ ಪ್ರೊಸೆಸರ್ ಹಾಕಿದರೆ ಪರದೆ ಬರುತ್ತಿಲ್ಲ, ಮದರ್‌ಬೋರ್ಡನ್ನೂ ಬದಲಿಸಬೇಕೆ?

ಅಕ್ಷರಜೋಡಣೆ

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನಲ್ಲಿ ಆಮಂತ್ರಣ ಪತ್ರಿಕೆ ಮತ್ತು ಸ್ಮರಣ ಸಂಚಿಕೆಗಳ ಪುಟವಿನ್ಯಾಸ ಮಾಡುತ್ತೇನೆ. ಕಚೇರಿಯೊಂದು ಹರಾಜಿನಲ್ಲಿ ಮಾರಿದ ಚಿಕ್ಕ ಡೆಸ್ಕ್‌ಟಾಪ್ ಒಂದು ಹಲವು ವರ್ಷಗಳಿಂದ ನನ್ನ ಬಳಿ ಇದೆ. ಅಡ್ಡ ಮಲಗಿಸಿದರೆ ಅದರ ಮೇಲೆಯೇ ಮಾನಿಟರ್ ಇಡಬಹುದಾದಷ್ಟು ಸಣ್ಣ ಪೆಟ್ಟಿಗೆ. ಒಳಗೆ ಇಂಟೆಲ್ ಐ3-2120 ಪ್ರೊಸೆಸರ್, ಎಚ್61 ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಪ್ರೊಸೆಸರಿಗೆ ಬೆಸೆಯುವ ಚಿಪ್) ಇರುವ ಮದರ್‌ಬೋರ್ಡ್, 4 ಜಿಬಿ ರ್‍ಯಾಮ್ ಮತ್ತು ಹಳೆಯ ಹಾರ್ಡ್ ಡಿಸ್ಕ್ ಇವೆ. ನೂರು ಪುಟದ ಸಂಚಿಕೆಯನ್ನು ಪಿಡಿಎಫ್ ಮಾಡಲು ಕೊಟ್ಟರೆ ಬೇರೆ ಯಾವ ಕೆಲಸವನ್ನೂ ಮಾಡಲಾಗುವುದಿಲ್ಲ.

ಕಳೆದ ವಾರ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಳಸಿದ ಐ5-3470 ಪ್ರೊಸೆಸರ್ ತಂದು ಹಾಕಿದೆ. ಸಾಕೆಟ್ ಎರಡಕ್ಕೂ ಒಂದೇ, ಎಲ್‌ಜಿಎ 1155. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಆದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಹಳೆಯ ಐ3 ಮರಳಿ ಹಾಕಿದರೆ ಎಲ್ಲವೂ ಮೊದಲಿನಂತೆ ನಡೆಯುತ್ತದೆ. ಮದರ್‌ಬೋರ್ಡನ್ನೇ ಬದಲಿಸಬೇಕೆಂದು ಇಲ್ಲಿನ ರಿಪೇರಿಯವರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಬೆಸುಗೆ

ಮೇಡಂ, ಮದರ್‌ಬೋರ್ಡಿಗೆ ಇನ್ನೂ ಹಣ ಕೊಡಬೇಡಿ. ಹಳೆಯ ಪ್ರೊಸೆಸರ್ ಹಾಕಿದರೆ ಯಂತ್ರ ನಡೆಯುತ್ತದೆ ಎಂದು ತಾವು ಬರೆದ ಒಂದು ಮಾತಿನಲ್ಲೇ ಅರ್ಧ ಉತ್ತರವಿದೆ. ಬೋರ್ಡು, ರ್‍ಯಾಮ್, ವಿದ್ಯುತ್ ಸರಬರಾಜು ಮೂರೂ ಸರಿಯಿವೆ ಎಂದಾಯಿತು. ಉಳಿದಿರುವ ಅನುಮಾನ ಎರಡೇ. ತಂದ ಪ್ರೊಸೆಸರ್ ಕೆಟ್ಟಿರಬಹುದು, ಇಲ್ಲವೇ ಬೋರ್ಡಿನ ಬಯಾಸ್‌ಗೆ (ಯಂತ್ರ ಶುರುವಾದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶಕ್ಕೆ) ಅದರ ಗುರುತು ಸಿಗದೇ ಇರಬಹುದು. ನನ್ನ ಅನುಮಾನ ಎರಡನೆಯದರ ಮೇಲೆ.

ಐ3-2120 ಎಂಬುದು 2011ರ ಸ್ಯಾಂಡಿ ಬ್ರಿಜ್ ತಲೆಮಾರಿನದು. ಐ5-3470 ಅದರ ಮುಂದಿನ, ಅಂದರೆ ಇಂಟೆಲ್‌ನ ಮೂರನೆಯ ತಲೆಮಾರಾದ ಐವಿ ಬ್ರಿಜ್‌ನದು, 2012ರಲ್ಲಿ ಬಂದದ್ದು. ಎರಡೂ ಒಂದೇ ಸಾಕೆಟ್‌ನಲ್ಲಿ ಕೂರುತ್ತವೆ ನಿಜ, ಆದರೆ ಕೂತ ಪ್ರೊಸೆಸರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಬಯಾಸ್. 2011ರಲ್ಲಿ ಬರೆದ ಬಯಾಸ್‌ಗೆ 2012ರ ಪ್ರೊಸೆಸರ್ ಅಪರಿಚಿತ. ಎಚ್61 ಚಿಪ್‌ಸೆಟ್ ಬಯಾಸ್ ನವೀಕರಿಸಿದ ಮೇಲೆ ಐವಿ ಬ್ರಿಜ್ ಅನ್ನು ಒಪ್ಪಿಕೊಳ್ಳಬಲ್ಲದು. ಅದೇ ಕಾಲದ ಕ್ಯೂ65, ಕ್ಯೂ67, ಬಿ65 ಬೋರ್ಡುಗಳಿಗೆ ಇಂಟೆಲ್ ಆ ಅವಕಾಶವನ್ನು ಕೊಡಲಿಲ್ಲ. ತಮ್ಮದು ಎಚ್61 ಆಗಿರುವುದು ಒಳ್ಳೆಯದೇ ಆಯಿತು. ಆದರೂ ತಯಾರಕರು ತಮ್ಮ ಮಾದರಿಗೆ ಅಂಥ ನವೀಕರಣ ಕೊಟ್ಟಿದ್ದಾರೆಯೇ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ಎಲ್ಲರೂ ಕೊಟ್ಟಿಲ್ಲ.

ಐ3 ಹಾಕಿಕೊಂಡೇ ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬಯಾಸ್‌ನ ಆವೃತ್ತಿ ಮತ್ತು ದಿನಾಂಕವನ್ನು ತಿಳಿಸಿ. ಪ್ರೊಸೆಸರ್ ತೆಗೆದಾಗ ಸಾಕೆಟ್‌ನ ಪಿನ್ನುಗಳನ್ನೂ ಒಮ್ಮೆ ನೋಡಿ. ಈ ಬಗೆಯ ಸಾಕೆಟ್‌ನಲ್ಲಿ ಪಿನ್ನುಗಳಿರುವುದು ಬೋರ್ಡಿನಲ್ಲಿ, ಪ್ರೊಸೆಸರಿನಲ್ಲಲ್ಲ. ಮೊಬೈಲಿನ ಬೆಳಕನ್ನು ಓರೆಯಾಗಿ ಬಿಟ್ಟರೆ ಸಾಲಾಗಿ ನಿಂತ ಪಿನ್ನುಗಳೆಲ್ಲ ಒಂದೇ ಸಮನೆ ಹೊಳೆಯುತ್ತವೆ. ಬಾಗಿದ ಪಿನ್ನು ಮಾತ್ರ ಆ ಹೊಳಪಿನ ಸಾಲಿನಲ್ಲಿ ಕಪ್ಪು ಚುಕ್ಕೆಯಂತೆ ಕಾಣುತ್ತದೆ.

ಮಲೆನಾಡಿಗ

ನನ್ನದು ಬೇರೆ ಸಲಹೆ. ಹದಿನಾಲ್ಕು ವರ್ಷದ ಬೋರ್ಡಿಗೆ ಇಷ್ಟು ಶ್ರಮ ಏಕೆ? 17 ಸೆಂಟಿಮೀಟರ್ ಚದರದ ಮಿನಿ ಐಟಿಎಕ್ಸ್ ಬೋರ್ಡು ಈ ಪೆಟ್ಟಿಗೆಯಲ್ಲಿ ಹಿಡಿಯಬಹುದು. ಅದಕ್ಕೆ ರೈಜನ್ 5 5600ಜಿ ಹಾಕಿದರೆ ಆರು ಕೋರ್ ಸಿಗುತ್ತವೆ, ಗ್ರಾಫಿಕ್ಸ್ ಅದರೊಳಗೇ ಇದೆ, ಶಾಖದ ಮಿತಿ 65 ವ್ಯಾಟ್. ವಿಂಡೋಸ್ 11 ಕೂಡ ನಡೆಯುತ್ತದೆ.

ಬೆಸುಗೆ

ಪ್ರೊಸೆಸರ್ ವಿಷಯದಲ್ಲಿ ತಮ್ಮ ಮಾತು ಸರಿ. ತೊಂದರೆ ಇರುವುದು ಪೆಟ್ಟಿಗೆಯಲ್ಲಿ. ಕಚೇರಿಗಳಿಗೆಂದು ಮಾಡಿದ ಇಂಥ ಯಂತ್ರಗಳಲ್ಲಿ ಬೋರ್ಡು, ಪೆಟ್ಟಿಗೆ, ವಿದ್ಯುತ್ ಸರಬರಾಜು ಈ ಮೂರೂ ಒಂದಕ್ಕೊಂದು ಅಳತೆ ಕೊಟ್ಟು ಹೊಲಿದ ಬಟ್ಟೆಯಂತಿರುತ್ತವೆ. ಹಿಂಬದಿಯ ಯುಎಸ್‌ಬಿ, ವಿಜಿಎ ರಂಧ್ರಗಳನ್ನು ಪೆಟ್ಟಿಗೆಯ ತಗಡಿನಲ್ಲೇ ಕೊರೆದಿರುವುದುಂಟು, ಬಿಚ್ಚಿ ತೆಗೆಯುವ ಪಟ್ಟಿ ಇರುವುದಿಲ್ಲ. ಮುಂಭಾಗದ ಗುಂಡಿಯ ತಂತಿಗಳು ಬಿಡಿಬಿಡಿಯಾಗಿರದೆ ತಯಾರಕರದೇ ಜೋಡಣೆಯ ಒಂದು ಪ್ಲಗ್‌ನಲ್ಲಿ ಸೇರಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಸಾಮಾನ್ಯ ಬೋರ್ಡಿಗೆ ಬೇಕಾದ 24 ಪಿನ್ನಿನ ವಿದ್ಯುತ್ ಪ್ಲಗ್ ಇರುತ್ತದೆಂಬ ಭರವಸೆಯಿಲ್ಲ. ಮೇಡಂ, ಬೋರ್ಡಿಗೆ ಹೋಗುವ ಆ ದಪ್ಪ ಪ್ಲಗ್‌ನಲ್ಲಿ ಎಷ್ಟು ಪಿನ್ನುಗಳಿವೆ ಎಂದು ಎಣಿಸಿ ಹೇಳುತ್ತೀರಾ?

ಡಿಡಿಆರ್3 ರ್‍ಯಾಮ್ ಕೂಡ ಹೊಸ ಬೋರ್ಡಿಗೆ ಬಾರದು. ಅದಕ್ಕೆ ಬೇಕಾದ ಡಿಡಿಆರ್4ರ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟೇಜ್ 1.5 ಅಲ್ಲ, 1.2. ಯಂತ್ರದ ಜೊತೆಗೇ ಬಂದ ವಿಂಡೋಸ್ ಪರವಾನಗಿ ಬೋರ್ಡಿಗೆ ಅಂಟಿಕೊಂಡಿರುವುದರಿಂದ ಅದನ್ನೂ ಹೊಸದಾಗಿ ಕೊಳ್ಳಬೇಕಾದೀತು. ಇಷ್ಟೆಲ್ಲ ಸೇರಿದರೆ ಅದು ಬೇರೆಯೇ ಕಂಪ್ಯೂಟರ್. ಹಾಗೆ ಮಾಡುವುದಾದರೆ ಪೆಟ್ಟಿಗೆಯನ್ನೂ ಹೊಸದಾಗಿಯೇ ತರುವುದು ಮೇಲು.

ಅಕ್ಷರಜೋಡಣೆ

ಎಣಿಸಿದೆ, ಆರೇ ಪಿನ್ನುಗಳಿವೆ. ಹಾರ್ಡ್ ಡಿಸ್ಕಿಗೆ ವಿದ್ಯುತ್ತು ಮದರ್‌ಬೋರ್ಡಿನಿಂದಲೇ ಹೋಗುತ್ತಿದೆ. ಬಯಾಸ್ ದಿನಾಂಕ 2011ರ ಆಗಸ್ಟ್ ಎಂದಿದೆ. ಪಿನ್ನುಗಳೆಲ್ಲ ನೆಟ್ಟಗಿವೆ. ತಯಾರಕರ ಪುಟದಲ್ಲಿ ನನ್ನ ಮಾದರಿಗೆ ಹಲವು ಬಯಾಸ್ ಆವೃತ್ತಿಗಳಿದ್ದು, 2012ರ ಒಂದರ ವಿವರದಲ್ಲಿ ‘ಮೂರನೆಯ ತಲೆಮಾರಿನ ಪ್ರೊಸೆಸರ್‌ಗಳಿಗೆ ಬೆಂಬಲ’ ಎಂದು ಬರೆದಿದೆ. ನೇರವಾಗಿ ಕೊನೆಯ ಆವೃತ್ತಿಯನ್ನೇ ಹಾಕಬಹುದೇ?

ಬೆಸುಗೆ

ಆರು ಪಿನ್ ಎಂದ ಮೇಲೆ ಬೋರ್ಡು ಬದಲಿಸುವ ಮಾತು ಅಲ್ಲಿಗೆ ಮುಗಿಯಿತು.

ಬಯಾಸ್ ವಿಷಯದಲ್ಲಿ ಅವಸರ ಬೇಡ. ಕೊನೆಯ ಆವೃತ್ತಿಯ ವಿವರವನ್ನು ಪೂರ್ತಿ ಓದಿ. ಮೊದಲು ಇಂಥ ಆವೃತ್ತಿಗೆ ಬಂದು, ಆಮೇಲೆ ಇದನ್ನು ಹಾಕಿ ಎಂಬ ಸೂಚನೆ ಹಲವು ಕಡೆ ಇರುತ್ತದೆ. ಹಾಗಿದ್ದರೆ ಆ ಮೆಟ್ಟಿಲನ್ನು ದಾಟಿಕೊಂಡೇ ಹೋಗಬೇಕು. ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಫರ್ಮ್‌ವೇರ್ (ಚಿಪ್‌ನೊಳಗೇ ಇರುವ ತಂತ್ರಾಂಶ) ಪ್ರತ್ಯೇಕವಾಗಿ ಕೊಟ್ಟಿದ್ದರೆ ಅದನ್ನೂ ಅವರು ಹೇಳಿದ ಕ್ರಮದಲ್ಲೇ ಹಾಕಿ. ಇವೆಲ್ಲವೂ ಐ3 ಸಾಕೆಟ್‌ನಲ್ಲಿ ಇರುವಾಗಲೇ ಆಗಬೇಕಾದ ಕೆಲಸ. ಐ5 ಹಾಕಿದ ಮೇಲೆ ಪರದೆಯೇ ಬರದಿರುವಾಗ ನವೀಕರಿಸುವುದು ಹೇಗೆ? ಈ ಒಂದು ಕ್ರಮ ತಪ್ಪಿದ್ದರಿಂದ ಒಳ್ಳೆಯ ಬೋರ್ಡುಗಳು ಗುಜರಿಗೆ ಹೋಗಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಯುಪಿಎಸ್ ಇಲ್ಲದೆ ಶುರು ಮಾಡಲೇಬೇಡಿ. ಬಯಾಸ್ ಬರೆಯುವ ಕೆಲವು ನಿಮಿಷಗಳಲ್ಲಿ ಕರೆಂಟು ಹೋದರೆ ಬೋರ್ಡು ಮತ್ತೆ ಏಳದೇ ಹೋಗಬಹುದು. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿದ್ದರೆ ಹಿಂದಿನ ದಿನವೇ ಪ್ಲಗ್ ಎಳೆದು ಅದು ಎಷ್ಟು ಹೊತ್ತು ತಾಳುತ್ತದೆಂದು ನೋಡಿಕೊಳ್ಳಿ.

ಅಕ್ಷರಜೋಡಣೆ

ಮೂರು ದಿನಗಳ ನಂತರ ಬರೆಯುತ್ತಿದ್ದೇನೆ. ತಾವು ಊಹಿಸಿದಂತೆ ನಡುವೆ ಒಂದು ಆವೃತ್ತಿಯನ್ನು ದಾಟಬೇಕಿತ್ತು. ಎರಡನ್ನೂ ಮುಗಿಸಿ, ಯಂತ್ರ ಆರಿಸಿ, ತಂತಿ ಕಿತ್ತು ಐ5 ಕೂರಿಸಿದೆ. ಪರದೆ ಬಂತು! ಹೊಸ ಪ್ರೊಸೆಸರ್‌ನ ಹೆಸರು ಮೊದಲ ಪುಟದಲ್ಲೇ ಮೂಡಿದಾಗ ಆದ ಸಂತೋಷವನ್ನು ಹೇಳಲಾರೆ.

ಆದರೆ ಇನ್ನೊಂದು ತೊಂದರೆ ಎದುರಾಗಿದೆ. ಪಿಡಿಎಫ್ ಮಾಡಲು ಕೊಟ್ಟ ಐದಾರು ನಿಮಿಷಕ್ಕೆ ಫ್ಯಾನ್ ಜೋರಾಗಿ ಕೂಗಿ ಯಂತ್ರ ತಾನಾಗಿಯೇ ಆರಿಹೋಗುತ್ತದೆ. ಉಷ್ಣಾಂಶ 98 ಡಿಗ್ರಿವರೆಗೆ ಹೋಗುವುದನ್ನು ನೋಡಿದೆ. ವಿದ್ಯುತ್ ಸರಬರಾಜು ಸಾಲುತ್ತಿಲ್ಲವೇ?

ಬೆಸುಗೆ

ಸರಬರಾಜು ಕಾರಣವಲ್ಲ. ಐ3ರ ಶಾಖದ ಮಿತಿ 65 ವ್ಯಾಟ್, ಐ5-3470ರದು 77. ಆ 12 ವ್ಯಾಟ್ ವ್ಯತ್ಯಾಸವನ್ನು ಸುಸ್ಥಿತಿಯಲ್ಲಿರುವ ಸರಬರಾಜು ತಾಳಿಕೊಳ್ಳುತ್ತದೆ. 98 ಡಿಗ್ರಿ ಎಂದರೆ ಶಾಖ ಹೀರುವ ಲೋಹದ ಹೀಟ್‌ಸಿಂಕ್ ಪ್ರೊಸೆಸರಿಗೆ ಸರಿಯಾಗಿ ತಾಗಿ ಕೂತಿಲ್ಲ. ಅದನ್ನು ನೇರವಾಗಿ ಮೇಲಕ್ಕೆತ್ತಿ, ನಡುವೆ ಹಚ್ಚಿದ, ಶಾಖ ದಾಟಿಸುವ ಪೇಸ್ಟ್ ಹೇಗೆ ಹರಡಿದೆ ಎಂದು ನೋಡಿ ಹೇಳಿ.

ಅಕ್ಷರಜೋಡಣೆ

ತೆಗೆದು ನೋಡಿದೆ. ಒಂದು ಬದಿಯಲ್ಲಿ ಪೇಸ್ಟ್ ಚಪ್ಪಟೆಯಾಗಿ ಹರಡಿ ಅಂಚಿನಿಂದ ಹೊರಗೆ ಬಂದಿದೆ, ಇನ್ನೊಂದು ಬದಿಯಲ್ಲಿ ನಾನು ಇಟ್ಟ ಹಾಗೆಯೇ ಗುಂಡಗೆ ಉಳಿದಿದೆ. ಹೀಟ್‌ಸಿಂಕಿನ ತಳದಲ್ಲಿ ಹಳೆಯ ಪೇಸ್ಟ್ ಒಣಗಿದ ಸುಣ್ಣದಂತೆ ಕಚ್ಚಿಕೊಂಡಿದೆ. ಅದನ್ನು ಉಜ್ಜಿ ತೆಗೆಯಬೇಕೆಂದು ನನಗೆ ತಿಳಿದಿರಲಿಲ್ಲ.

ಬೆಸುಗೆ

ತಪ್ಪು ಸಿಕ್ಕಿತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಎರಡೂ ಮೈಗಳನ್ನು ಲೋಹ ಹೊಳೆಯುವವರೆಗೆ ಒರೆಸಿ. ತೊಗರಿಬೇಳೆಯಷ್ಟು ಹೊಸ ಪೇಸ್ಟ್ ಅನ್ನು ನಡುಮಧ್ಯೆ ಇಟ್ಟು, ಬೆರಳಿನಿಂದ ಹರಡದೆ, ಹೀಟ್‌ಸಿಂಕನ್ನು ಮೇಲಿನಿಂದ ನೇರವಾಗಿ ಇಳಿಸಿ. ನಾಲ್ಕು ತಿರುಪುಗಳಲ್ಲಿ ಒಂದನ್ನೇ ಪೂರ್ತಿ ಬಿಗಿದು ಮುಂದಕ್ಕೆ ಹೋದರೆ ಎದುರಿನ ಮೂಲೆ ಮೇಲೇಳುತ್ತದೆ. ತಮಗೆ ಆಗಿರುವುದು ಅದೇ. ಒಂದಕ್ಕೆ ಎರಡು ಸುತ್ತು, ಅದರ ಕರ್ಣದ ಮೂಲೆಯದಕ್ಕೆ ಎರಡು ಸುತ್ತು, ಹೀಗೆ ಸರದಿಯಲ್ಲಿ ಬಿಗಿಯುತ್ತಾ ಬನ್ನಿ.

ಅಕ್ಷರಜೋಡಣೆ

ಹಾಗೆಯೇ ಮಾಡಿದೆ. ಇವತ್ತು ಒಂದು ಶಾಲೆಯ ಸಂಚಿಕೆಯನ್ನು ಪಿಡಿಎಫ್ ಮಾಡಿದಾಗ ಉಷ್ಣಾಂಶ 67 ಡಿಗ್ರಿ ದಾಟಲಿಲ್ಲ, ಆ ಹೊತ್ತಿನಲ್ಲೇ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಇನ್ನೊಂದು ಕರಡು ತಿದ್ದುತ್ತಾ ಕುಳಿತಿದ್ದೆ. ತಮಗೆ ಮನಃಪೂರ್ವಕ ಧನ್ಯವಾದ. ಇನ್ನು ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಡ್ರೈವ್) ಹಾಕಿದರೆ ಪ್ರಯೋಜನವಿದೆಯೇ? ವಿಂಡೋಸ್ 11 ಹಾಕಬಹುದೇ?

ಬೆಸುಗೆ

ಎಸ್‌ಎಸ್‌ಡಿ ಖಂಡಿತ ಹಾಕಿ. ಎಚ್61ರಲ್ಲಿ ಡಿಸ್ಕ್ ಜೋಡಿಸುವ ಸಾಟಾ ಸಂಪರ್ಕದ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ, ಹಾಗಾಗಿ ದುಬಾರಿಯದು ಬೇಡ, ಸಾಧಾರಣದ್ದೇ ಸಾಕು. ಈ ಚಿಪ್‌ಸೆಟ್‌ನಲ್ಲಿ ರ್‍ಯಾಮ್‌ಗೆ ಎರಡೇ ಜಾಗ, ಒಟ್ಟು 16 ಜಿಬಿ ಗರಿಷ್ಠ. ತಮ್ಮ ಕೆಲಸಕ್ಕೆ ಎರಡು 4 ಜಿಬಿ ಪಟ್ಟಿಗಳು ಸಾಕಾಗುತ್ತವೆ.

ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ಅಥವಾ ನಂತರದ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇದು ಆ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಈ ಯಂತ್ರವನ್ನು ಪುಟವಿನ್ಯಾಸಕ್ಕಷ್ಟೇ ಇಟ್ಟುಕೊಳ್ಳಿ, ಬ್ಯಾಂಕಿನ ವ್ಯವಹಾರವನ್ನು ಬೇರೆ ಕಡೆ ಮಾಡಿ, ಗ್ರಾಹಕರು ತರುವ ಪೆನ್ ಡ್ರೈವ್‌ಗಳನ್ನು ತಪಾಸಣೆ ಮಾಡದೆ ತೆರೆಯಬೇಡಿ. ಹಳೆಯ ಐ3ಯನ್ನು ಮಾರಬೇಡಿ. ಐ5 ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಅದನ್ನು ಇಟ್ಟು ಡಬ್ಬಿಯ ಮೇಲೆ ಗುರುತು ಬರೆದಿಡಿ. ಮುಂದೆ ಎಂದಾದರೂ ಪರದೆ ಬರದಿದ್ದರೆ, ದೋಷ ಬೋರ್ಡಿನದೋ ಪ್ರೊಸೆಸರಿನದೋ ಎಂದು ತಿಳಿಯಲು ಅದು ಬೇಕಾಗುತ್ತದೆ.