ಸಹಾಯ ಬೇಕು: ಓಟಿಯಲ್ಲಿ ಬಿಡಿ ಆಂಪೂಲ್ ಸ್ಕ್ಯಾನ್ ಮಾಡೋದು ಹೇಗೆ?

ಎಲ್ರಿಗೂ ನಮಸ್ಕಾರ. ಎರಡು ಓಟಿ (ಆಪರೇಷನ್ ಥಿಯೇಟರ್) ಇರೋ ಸಣ್ಣ ಆಸ್ಪತ್ರೆಯಲ್ಲಿ ನಾನು ಓಟಿ ಇನ್‌ಚಾರ್ಜ್ ಸಿಸ್ಟರ್. ಕೇಸಿಗೆ ಬಳಸಿದ ಔಷಧಿಯನ್ನೆಲ್ಲ ಬಾರ್‌ಕೋಡ್ ಸ್ಕ್ಯಾನ್ ಮಾಡಿಯೇ ಎಂಟ್ರಿ ಹಾಕ್ಬೇಕು ಅಂತ ಹೋದ ತಿಂಗಳು ಶುರುವಾಯ್ತು. ಸ್ಕ್ಯಾನರ್ ಚೆನ್ನಾಗೇ ಇದೆ, ಕ್ಯೂಆರ್ ಕೂಡ ಓದುತ್ತೆ. ತಲೆನೋವೆಲ್ಲ ಆಂಪೂಲ್‌ದು, ಅಂದ್ರೆ ಇಂಜೆಕ್ಷನ್ ಔಷಧಿ ಬರೋ ಪುಟ್ಟ ಗಾಜಿನ ಸೀಸೆದು.

2023ರ ಆಗಸ್ಟ್‌ನಿಂದ ದೇಶದಲ್ಲಿ 300 ಔಷಧಿ ಬ್ರ್ಯಾಂಡ್‌ಗಳಿಗೆ ಕೋಡ್ ಕಡ್ಡಾಯ ಆಯ್ತಲ್ಲ, ಅದರಲ್ಲೂ ಲೇಬಲ್‌ನಲ್ಲಿ ಜಾಗ ಸಾಲದಿದ್ರೆ ಹೊರಗಿನ ಡಬ್ಬಿ ಮೇಲಿದ್ರೆ ಸಾಕು. ಡಬ್ಬಿ ಸ್ಟೋರಲ್ಲೇ ಉಳಿಯುತ್ತೆ, ಅನಸ್ತೇಷಿಯಾ ಟ್ರಾಲಿಗೆ ಬರೋದು ಬರೀ ಗಾಜು.

ಮೊದ್ಲು ನಾವೇ ಲೇಬಲ್ ಪ್ರಿಂಟ್ ಮಾಡಿ ಅಂಟಿಸಿದ್ವಿ. 1 ಎಂಎಲ್ ಅಟ್ರೋಪಿನ್ ಮೇಲೆ ಉದ್ದ ಬಾರ್‌ಕೋಡ್ ಸುತ್ತಿಕೊಂಡು ಅರ್ಧ ಹಿಂದಕ್ಕೇ ಹೋಯ್ತು. ಸ್ಪಿರಿಟ್ ತಾಗಿದ್ರೆ ಉಳಿದಿದ್ದೂ ಮಾಸುತ್ತೆ. ಚಿಕ್ಕ ಚೌಕದ ಕೋಡ್ ಹಾಕಿದ್ರೆ ಓದುತ್ತೆ, ಆದ್ರೆ ಔಷಧಿ ಹೆಸರು, ಎಕ್ಸ್‌ಪೈರಿನೇ ಮುಚ್ಚಿಹೋಗುತ್ತೆ. ಅನಸ್ತೇಷಿಯಾ ಡಾಕ್ಟ್ರು ಸಿಟ್ಟಾದ್ರು, ಅವರು ಹೇಳಿದ್ದೇ ಸರಿ.

ಆಮೇಲೆ ಟ್ರಾಲಿಯ ಒಂದೊಂದು ಖಾನೆಗೂ ಒಂದೊಂದು ಕೋಡ್ ಕಾರ್ಡ್ ಇಟ್ವಿ. ಸ್ಟಾಕ್ ಲೆಕ್ಕವೇನೋ ಸರಿ ಬಂತು. ಆದ್ರೆ ಒಂದೇ ಖಾನೆಯಲ್ಲಿ ಎರಡು ಬ್ಯಾಚ್ ಸೇರಿದಾಗ ಯಾವ ರೋಗಿಗೆ ಯಾವುದು ಹೋಯ್ತು ಗೊತ್ತಾಗಲ್ಲ. ಮೇಲಾಗಿ, ಸ್ಕ್ಯಾನ್ ಆಗೋದು ಕಾರ್ಡು; ಕೈಯಲ್ಲಿರೋ ಆಂಪೂಲ್ ಅದೇ ಔಷಧಿದು ಅನ್ನೋ ಖಾತ್ರಿ ಎಲ್ಲಿ? ರಾತ್ರಿ ಎಮರ್ಜೆನ್ಸಿ ಸಿಸೇರಿಯನ್ ಬಂದ್ರಂತೂ ಕೇಸ್ ಮುಗಿದ ಮೇಲೆ ಖಾಲಿ ಆಂಪೂಲ್ ಎಣಿಸಿ ಕಾರ್ಡ್ ಒತ್ತೋದೇ ಆಗಿದೆ.

ನಿಮ್ಮ ಓಟಿಯಲ್ಲಿ ಬಿಡಿ ಆಂಪೂಲ್‌ಗೆ ಬ್ಯಾಚ್ ಸಮೇತ ಕೋಡ್ ಹೇಗೆ ಹಾಕ್ತೀರಿ? ಹೆಸರು ಮುಚ್ಚದ ಹಾಗೆ ಬಾವುಟದಂತೆ ಅಂಟಿಸಿ ಯಾರಾದ್ರೂ ನೋಡಿದ್ದೀರಾ? ಅಂಟಿಸೋ ಕೆಲಸ ಫಾರ್ಮಸಿಯವರದ್ದಾ, ಓಟಿಯವರದ್ದಾ?