ಸಹಾಯ ಬೇಕು: ಸಲಹಾ ಮಂಡಳಿಯ ಸದಸ್ಯರಿಗೆ ನಿಜವಾದ ಕೆಲಸ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ವಿಶ್ವವಿದ್ಯಾಲಯದ ಘಟಕ ಕಾಲೇಜೊಂದರಲ್ಲಿ ಹಳೆಯ ವಿದ್ಯಾರ್ಥಿಗಳ ಸಂಪರ್ಕದ ಕೆಲಸ ನನ್ನದು. ನಮ್ಮ ಸಲಹಾ ಮಂಡಳಿಯಲ್ಲಿ 14 ಜನರಿದ್ದಾರೆ. ಯಾರೂ ಸಂಬಳಕ್ಕೆ ಬಂದವರಲ್ಲ, ಕಾಲೇಜಿನ ಮೇಲಿನ ಪ್ರೀತಿಗೆ ಬಂದವರು.

ಕಳೆದ ಸಭೆಯಲ್ಲಿ ಡೀನ್ ಮುಕ್ಕಾಲು ಗಂಟೆ ವರದಿ ಓದಿದರು. ಟಿಪ್ಪಣಿ ಪುಸ್ತಕ ತೆರೆದು ಕುಳಿತಿದ್ದ ಹಿರಿಯರೊಬ್ಬರು ಒಂದಕ್ಷರವನ್ನೂ ಬರೆಯದೆ ಪೆನ್ನು ಮುಚ್ಚಿ ಜೇಬಿಗೆ ಇಟ್ಟುಕೊಂಡರು. ನೋಡಿ ಬಹಳ ನೋವಾಯಿತು. ಸಲಹೆಗೆಂದು ಕರೆದು ಸಲಹೆಯನ್ನೇ ಕೇಳದಿದ್ದರೆ ಹೇಗೆ?

ಆಡಳಿತ ಮಂಡಳಿಗಿರುವಂತೆ ಈ ಸದಸ್ಯರಿಗೆ ನಿರ್ಧಾರದ ಅಧಿಕಾರವಿಲ್ಲ, ಅದು ಸರಿಯೇ. ಆದರೆ ದಾನಿಗಳನ್ನು ಪರಿಚಯಿಸುವುದು, ದೇಣಿಗೆ ಬಂದ ಮೇಲೆ ತಾವೇ ಫೋನ್ ಮಾಡಿ ಕೃತಜ್ಞತೆ ಹೇಳುವುದು, ವಿದ್ಯಾರ್ಥಿಗಳಿಗೆ ತರಬೇತಿಯ ಅವಕಾಶ ಹುಡುಕುವುದು, ಇವನ್ನೆಲ್ಲ ಕಚೇರಿ ಸಿಬ್ಬಂದಿಗಿಂತ ಇವರೇ ಚೆನ್ನಾಗಿ ಮಾಡಬಲ್ಲರು.

ಇಂಥ ಮಂಡಳಿಗಳಲ್ಲಿ ದುಡಿದವರು ದಯವಿಟ್ಟು ತಿಳಿಸಿ: ಸದಸ್ಯರು ವರ್ಷಕ್ಕೆ ಇಂತಿಷ್ಟು ದೇಣಿಗೆ ತಾವೇ ಕೊಡಬೇಕು ಅಥವಾ ಬೇರೆಯವರಿಂದ ಕೊಡಿಸಬೇಕು ಎಂಬ ನಿಯಮ ನಿಮ್ಮಲ್ಲಿದೆಯೇ? ಅದರಿಂದ ಶಿಕ್ಷಕರೂ ಹೊಸ ಪದವೀಧರರೂ ದೂರ ಸರಿಯುತ್ತಾರೆ ಎಂಬ ಭಯ ನನಗಿದೆ. 3 ವರ್ಷದ ಅವಧಿಯಿಟ್ಟು, ಪ್ರತಿ ವರ್ಷ ಮೂರನೇ ಒಂದು ಭಾಗದ ಸದಸ್ಯರನ್ನು ಬದಲಿಸುವ ಪದ್ಧತಿ ನಿಮಗೆ ಒಗ್ಗಿತೇ? ಸದಸ್ಯರ ಹೊಣೆಗಾರಿಕೆ ಪತ್ರದ ಮಾದರಿಯಿದ್ದರೆ ಹಂಚಿಕೊಳ್ಳಿ. ಮುಂದಿನ ಸಭೆಗೆ ಮೂರೇ ವಾರ ಉಳಿದಿದೆ.